ಸೋತ ದಿನದ ಸಾರು

ಎಣ್ಣೆ ಕಾದಿದೆ, ಸಾಸಿವೆ ಸಿಡಿಯುತ್ತಿದೆ. ಇಂಗಿನ ವಾಸನೆ ಅಡುಗೆಮನೆ ದಾಟಿ, ಬಾಲ್ಕನಿ ದಾಟಿ, ಇಷ್ಟು ಹೊತ್ತಿಗೆ ನಮ್ಮ ಬಡಾವಣೆ ಪಾರ್ಕ್‌ಲ್ಯಾಂಡ್ಸಿನ ಬೀದಿಗೆ ಇಳಿದಿರಬೇಕು. ಸಾರಿಗೆ ಒಗ್ಗರಣೆ ಹಾಕುವುದರಲ್ಲಿ ಏನಮ್ಮಾ ವಿಶೇಷ ಎಂದು ನೀವು ಕೇಳಬಹುದು. ವಿಶೇಷ ಇದೆ. ನಿನ್ನೆ ನಮ್ಮ ಕಾಲೇಜಿನ ಫುಟ್‌ಬಾಲ್ ತಂಡ ಸೋತಿತು. ಹಿಂದೆಲ್ಲ ಆಗಿದ್ದರೆ ಇವತ್ತು ಈ ಮನೆಯಲ್ಲಿ ಸಾಸಿವೆ ಡಬ್ಬಿಯ ಮುಚ್ಚಳ ತೆಗೆಯುವ ಧೈರ್ಯ ಯಾರಿಗೂ ಇರುತ್ತಿರಲಿಲ್ಲ.

ನಾನು ನೈರೋಬಿಯ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುವವಳು. ಮದುವೆಯಾಗಿ ಮೈಸೂರಿನಿಂದ ಇಲ್ಲಿಗೆ ಬಂದಾಗ ಫುಟ್‌ಬಾಲಿನಲ್ಲಿ ಚೆಂಡು ಒಂದೇ, ಓಡುವವರು ಬಹಳ ಎನ್ನುವುದಷ್ಟೇ ಗೊತ್ತಿತ್ತು. ಕೆಲಸಕ್ಕೆ ಸೇರಿದ ವರ್ಷ ವಿದ್ಯಾರ್ಥಿಗಳು ಒತ್ತಾಯ ಮಾಡಿ ಮೈದಾನಕ್ಕೆ ಕರೆದುಕೊಂಡು ಹೋದರು. ಅರ್ಧ ಆಟ ಮುಗಿಯುವುದರೊಳಗೆ ನಾನು ಎದ್ದು ನಿಂತು ರೆಫರಿಗೆ ಕನ್ನಡದಲ್ಲಿ ಬೈಯುತ್ತಿದ್ದೆ. ಅಂದಿನಿಂದ ನಮ್ಮ ತಂಡ ಹೇಗೆ ಆಡಬೇಕೆನ್ನುವ ವಿಷಯದಲ್ಲಿ ನನ್ನ ಅಭಿಪ್ರಾಯ ಒಮ್ಮೆಯೂ ತಪ್ಪಾದದ್ದಿಲ್ಲ. ತಂಡ ಅದರಂತೆ ಆಡುವುದಿಲ್ಲ, ಅಷ್ಟೇ.

ಸೋಲು ಮಾತ್ರ ನನಗೆ ಜೀರ್ಣವಾಗುತ್ತಿರಲಿಲ್ಲ. ಸಾವಾದ ಮನೆಯಲ್ಲಿ ಸೂತಕ ಕಳೆಯುವ ತನಕ ಒಗ್ಗರಣೆ ಹಾಕುವುದಿಲ್ಲವಲ್ಲ, ತವರಿನಲ್ಲಿ ನೋಡಿ ಬೆಳೆದ ಆ ಪದ್ಧತಿಯನ್ನು ನಾನು ಫುಟ್‌ಬಾಲಿಗೂ ತಂದುಬಿಟ್ಟೆ. ತಂಡ ಸೋತರೆ, ಮತ್ತೆ ಗೆಲ್ಲುವವರೆಗೆ ಸಾರಿಗೂ ಇಲ್ಲ, ಪಲ್ಯಕ್ಕೂ ಇಲ್ಲ. ನಮ್ಮವರು ಶನಿವಾರ ಸಂಜೆ ವಾಕಿಂಗ್ ಮುಗಿಸಿ ಬಂದು ಬಾಗಿಲಲ್ಲೇ ಮೂಗರಳಿಸಿ ಫಲಿತಾಂಶ ತಿಳಿದುಕೊಳ್ಳುತ್ತಿದ್ದರು. ಉಪ್ಪಿನಕಾಯಿಗೆ ಒಗ್ಗರಣೆ ಬಿದ್ದದ್ದು ಸೋಲುವುದಕ್ಕೆ ಮುಂಚೆ, ಆದ್ದರಿಂದ ಅದು ನಡೆಯುತ್ತದೆ ಎಂದು ವಾದಿಸಿ ಅದರಲ್ಲೇ ಊಟ ಮುಗಿಸುತ್ತಿದ್ದರು. ಬ್ಯಾಂಕಿನವರು, ನಿಯಮದ ಸಂದಿ ಹುಡುಕುವುದು ಅವರಿಗೆ ಚೆನ್ನಾಗಿ ಬರುತ್ತದೆ. ಮಗಳು "ಅಮ್ಮಾ, ಇಟ್ಸ್ ಜಸ್ಟ್ ಎ ಗೇಮ್" ಎಂದಳು. ಅಂಥ ಮಾತಿಗೆಲ್ಲ ನಾನು ಉತ್ತರ ಕೊಡುವುದಿಲ್ಲ.

ಹೀಗಿರುವಾಗ ಒಂದು ವರ್ಷ ನಾವು ಫೈನಲ್ ತಲುಪಿದೆವು. ಕಸರಾನಿ ಸ್ಟೇಡಿಯಮ್ಮಿನಲ್ಲಿ ಪಂದ್ಯ. ಎರಡೂ ಕಡೆ ಸಮ, ಆಟ ಮುಗಿಯಲು ಇನ್ನೇನು ಸ್ವಲ್ಪ ಹೊತ್ತು, ಆಗ ನಮಗೆ ಪೆನಾಲ್ಟಿ ಸಿಕ್ಕಿತು. ಹೊಡೆಯಲು ಬಂದವನು ವಾಫುಲಾ, ತಂಡದ ನಾಯಕ, ನನ್ನ ತರಗತಿಯ ಹುಡುಗ. ಹೊಡೆದ ಚೆಂಡು ಗೋಲಿನ ಮೇಲಿಂದ ಹಾರಿ ಜನರ ನಡುವೆ ಬಿತ್ತು. ಅದೇ ಗಾಬರಿಯಲ್ಲಿ ನಮ್ಮ ಹುಡುಗರು ಚದುರಿದರು, ಎದುರಿನವರು ಗೋಲು ಹೊಡೆದು ಕಪ್ ಎತ್ತಿಕೊಂಡು ಹೋದರು.

ಮನೆಗೆ ಮರಳುವಾಗ ಥೀಕಾ ರಸ್ತೆಯ ಜಾಮಿನಲ್ಲಿ ನಮ್ಮ ಕಾರಿನ ಪಕ್ಕವೇ ಗೆದ್ದವರ ಮಟಾಟು ವ್ಯಾನು ನಿಂತಿತ್ತು. ಒಳಗಿನ ಹುಡುಗರು ಅದರ ತಗಡನ್ನು ಬಡಿಯುತ್ತ ಹಾಡುತ್ತಿದ್ದರು.

"ಪಾಪ ಕಣೇ, ಆ ಹುಡುಗ" ಎಂದರು ನಮ್ಮವರು.

"ಪಾಪ ನಾನು ಕಣ್ರೀ!" ಎಂದೆ.

ಅದು ಆ ವರ್ಷದ ಕೊನೆಯ ಪಂದ್ಯ. ಮುಂದಿನದು ದೀರ್ಘ ರಜೆ ಕಳೆದ ಮೇಲೆ. ಅಂದರೆ ಸೂತಕ ಕಳೆಯುವ ದಾರಿಯೇ ಇಲ್ಲ. ಎರಡನೇ ವಾರಕ್ಕೆ ನಮ್ಮವರು ತಟ್ಟೆ ನೋಡುತ್ತ ಕೇಳಿದರು: "ಏನೇ, ನೆಕ್ಸ್ಟ್ ಸೀಸನ್ ತನಕ ಹಿಂಗೇನಾ? ನಾನು ದೇವಸ್ಥಾನದಲ್ಲೇ ಊಟ ಮಾಡ್ಕೊಂಡ್ ಬಂದ್ಬಿಡ್ಲಾ?"

"ಹೋಗಿ ಬನ್ನಿ" ಎಂದೆ. ನಾನು ಬಗ್ಗುವವಳಲ್ಲ.

ಆ ಭಾನುವಾರ ಮಧ್ಯಾಹ್ನ ವಾಫುಲಾ ಬಾಗಿಲಿಗೆ ಬಂದ. ರಜೆಗೆ ಇನ್ನೂ ದಿನವಿದ್ದರೂ ಪಂದ್ಯದ ನಂತರ ತರಗತಿಯ ಕಡೆಗೇ ತಲೆ ಹಾಕಿರಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತ. ನಮ್ಮ ಮಾತೆಲ್ಲ ಇಂಗ್ಲಿಷು, ನಡುನಡುವೆ ಸ್ವಾಹಿಲಿ. ಮೇಷ್ಟರಿಗೂ ಮೇಡಮ್ಮಿಗೂ ಇಲ್ಲಿಯ ಹುಡುಗರು ಹೇಳುವುದು ಮ್ವಾಲಿಮು ಎಂದೇ.

"ಮ್ವಾಲಿಮು, ನಾನು ಟೀಮ್ ಬಿಡ್ತಿದೀನಿ. ಇನ್ಮೇಲೆ ಆಡಲ್ಲ. ಕೋಚ್‌ಗೆ ಹೇಳೋಕೆ ನನಗೆ ಬಾಯಿ ಬರ್ತಿಲ್ಲ. ನೀವೇ ಹೇಳಿಬಿಡಿ."

ನಿಜ ಹೇಳುತ್ತೇನೆ, ನನಗೆ ಅವನ ಮೇಲಿನ ಕೋಪ ಇಳಿದಿರಲಿಲ್ಲ. ಆದರೆ ಮುಖ ನೋಡಿದರೆ ಸರಿಯಾಗಿ ಉಂಡು ಎಷ್ಟು ದಿನವಾಗಿತ್ತೋ. ಮೊದಲು ಊಟ ಮಾಡು ಎಂದು ಒಳಗೆ ಹೋದೆ. ಒಲೆಯ ಮೇಲೆ ಸಾರು ಇತ್ತು, ಒಗ್ಗರಣೆ ಇಲ್ಲದ್ದು. ಅವನಿಗೇನು ಗೊತ್ತಾಗುತ್ತಿತ್ತು, ಹಾಗೆಯೇ ಬಡಿಸಬಹುದಿತ್ತು. ಆದರೆ ನನಗೆ ಗೊತ್ತಲ್ಲ. ಬದುಕಿ ಬಾಳಬೇಕಾದ ಹುಡುಗ, ತನ್ನ ಕಥೆ ಮುಗಿಯಿತು ಎಂಬಂತೆ ಕೂತಿದ್ದಾನೆ. ಅವನ ಮುಂದೆ ಸಾವಿನ ಮನೆಯ ಸಾರು ಇಡಲು ನನ್ನ ಕೈ ಏಳಲಿಲ್ಲ. ಬಾಣಲೆ ಇಟ್ಟೆ, ಎಣ್ಣೆ ಹಾಕಿದೆ.

ಸಾಸಿವೆ ಸಿಡಿದದ್ದೇ ತಡ, ರೂಮಿನಲ್ಲಿ ಮಲಗಿದ್ದ ನಮ್ಮವರು ಪಂಚೆ ಎತ್ತಿ ಕಟ್ಟುತ್ತ ಓಡಿ ಬಂದರು. "ಏನೇ, ಗೆದ್ವಾ? ಮ್ಯಾಚ್ ಯಾವಾಗಿತ್ತು?"

ಆಮೇಲೆ ವಾಫುಲಾನನ್ನು ನೋಡಿದರು. ಅವನ ಪಕ್ಕ ಕುರ್ಚಿ ಎಳೆದುಕೊಂಡು ಕೂತರು.

ಹುಡುಗ ಅನ್ನ ಸಾರು ಮತ್ತೆ ಮತ್ತೆ ಹಾಕಿಸಿಕೊಂಡ. ನಾನು ಉಪ್ಪಿನ ಡಬ್ಬಿ, ಉಪ್ಪಿನಕಾಯಿ ಭರಣಿ ಇಟ್ಟು ಗೋಲು ಮಾಡಿ ತೋರಿಸಿದೆ. "ನೋಡು, ಅವರ ಗೋಲ್‌ಕೀಪರ್ ಆಗಲೇ ಈ ಕಡೆ ವಾಲಿದ್ದ. ನೀನು ಎಡಕ್ಕೆ ಹೊಡೀಬೇಕಿತ್ತು."

"ಎಡಕ್ಕೇ ಹೊಡೆದೆ, ಮ್ವಾಲಿಮು. ಮೇಲೆ ಹೋಯ್ತು."

"ಹಾಗಾದ್ರೆ ಕೆಳಗೆ ಹೊಡೀಬೇಕಿತ್ತು."

ಅವನು ನಕ್ಕುಬಿಟ್ಟ. ನಮ್ಮವರೂ ನಕ್ಕರು. ನಾನು ನಗಲಿಲ್ಲ, ಏಕೆಂದರೆ ನಾನು ಹೇಳಿದ್ದು ಸರಿಯಾಗಿಯೇ ಇತ್ತು. "ಕೋಚ್‌ಗೆ ನಾನೇನೂ ಹೇಳಲ್ಲ. ಮುಂದಿನ ಪೆನಾಲ್ಟಿನೂ ನೀನೇ ಹೊಡೀಬೇಕು" ಎಂದೆ. ಅವನು ಸಾರಿನ ಪಾತ್ರೆಯ ಕಡೆ ನೋಡಿದ. ಇನ್ನೊಂದು ಸೌಟು ಬಡಿಸಿದೆ.

ಮುಂದಿನ ವರ್ಷವೂ ಕಪ್ ನಮ್ಮದಾಗಲಿಲ್ಲ. ಆದರೆ ವಾಫುಲಾ ಆಡಿದ, ಪೆನಾಲ್ಟಿಯನ್ನೂ ಹೊಡೆದ, ಎಡಕ್ಕೆ, ಕೆಳಗೆ. ಈಗ ತಂಡಕ್ಕೆ ಅವನೇ ಕೋಚ್. ನನ್ನ ಮಾತು ಈಗಲೂ ಕೇಳುವುದಿಲ್ಲ.

ನಿನ್ನೆಯ ಸೋಲೂ ಹೊಟ್ಟೆ ಉರಿಸುವಂಥದ್ದೇ. ನಮ್ಮ ಗೋಲ್‌ಕೀಪರ್ ಕೈಗೆ ಬಂದ ಚೆಂಡನ್ನು ಬಿಟ್ಟು ಗೋಲಿನೊಳಗೆ ಉರುಳಿಸಿಕೊಂಡ. ಅಂಥವನಿಗೆ ಏನು ಹೇಳಬೇಕೆಂದು ಯೋಚಿಸುತ್ತ ನಿದ್ದೆಗೆಟ್ಟೆ. ಬೆಳಿಗ್ಗೆ ವಾಫುಲಾ ಫೋನ್ ಮಾಡಿದ್ದ. "ಮ್ವಾಲಿಮು, ಹುಡುಗ ಯಾರ ಹತ್ರನೂ ಮಾತಾಡ್ತಿಲ್ಲ. ಕಳಿಸ್ಲಾ? ಆವತ್ತಿನ ಆ ಸಾರು ಮಾಡ್ತೀರಾ?"

ಕರಿಬೇವು ಹಾಕಿದೆ, ಚಟಪಟ ಎಂದಿತು. ನಮ್ಮವರು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಾರೆ. ಫಲಿತಾಂಶ ಗೊತ್ತಿದ್ದೂ ಕೇಳುತ್ತಾರೆ.

"ಏನೇ, ಗೆದ್ವಾ?"

"ಸೋತ್ವಿ ಕಣ್ರೀ. ತಟ್ಟೆ ಇನ್ನೊಂದಿಡಿ."