ತುಟಿ ಕೂಡದ ಸಂಜೆಗಳು

ಬೆಳಿಗ್ಗೆ ಹಿತ್ತಲಲ್ಲಿ ಬಾಯಿ ಮುಕ್ಕಳಿಸುತ್ತಿದ್ದ ನಮ್ಮ ಯಜಮಾನರು ಇದ್ದಕ್ಕಿದ್ದಂತೆ ನಿಂತುಬಿಟ್ಟರು. ಬಾಯೊಳಗಿನ ನೀರು ಬಲಗಡೆಯಿಂದ ತಾನಾಗಿ ಸೋರಿ ಎದೆಯ ಮೇಲೆ ಇಳಿಯುತ್ತಿತ್ತು. ನಾನು ನಕ್ಕೆ. "ಏನ್ರೀ, ಎಳೇ ಮಗೂ ಥರ ಜೊಲ್ಲು ಸುರಿಸ್ತಿದೀರಲ್ಲ" ಅಂದೆ. ಅವರೂ ನಗಲು ಹೋದರು. ಮುಖದ ಎಡಭಾಗ ನಕ್ಕಿತು.

ಬಲಭಾಗ ಹಾಗೇ ಇತ್ತು.

ನಮ್ಮದು ದೊಡ್ಡಬಳ್ಳಾಪುರದಲ್ಲಿ ನೇಯುವವರ ಬೀದಿ. ಯುದ್ಧದ ಕಾಲ, ಸೀಮೆಎಣ್ಣೆಗೆ ಕಂಟ್ರೋಲ್. ದೀಪ ಹಚ್ಚಿಕೊಂಡು ನೇಯುವಷ್ಟು ಎಣ್ಣೆ ಯಾರ ಮನೆಯಲ್ಲೂ ಇರಲಿಲ್ಲ. ಹೊತ್ತು ಇಳಿಯುತ್ತಲೇ ಮಗ್ಗಗಳು ಒಂದೊಂದಾಗಿ ನಿಲ್ಲುತ್ತಿದ್ದವು. ಬೀದಿ ಸುಮ್ಮನಾದ ಮೇಲೆ ಇವರು ಮಗ್ಗದ ಗುಂಡಿಯಿಂದ ಎದ್ದು, ಕಾಲು ತೊಳೆದು, ಜಗಲಿಗೆ ಬಂದು ಕೊಳಲು ಹಿಡಿಯುತ್ತಿದ್ದರು. ಕೀರ್ತನೆಯಿಲ್ಲ, ತಾಳವಿಲ್ಲ, ಬರೀ ಆಲಾಪನೆ. ಅದು ಪೂರ್ವಿಕಲ್ಯಾಣಿ ಎಂದು ಅವರು ಹೇಳುತ್ತಿದ್ದರು. ನನಗೆ ರಾಗಗೀಗ ತಿಳಿಯದು. ಆದರೆ ಒಂದೇ ಸ್ವರದ ಮೇಲೆ ಅವರು ಎಷ್ಟು ಹೊತ್ತು ನಿಲ್ಲುತ್ತಿದ್ದರೆಂದರೆ, ಒಳಗೆ ಒಲೆಯ ಮುಂದಿದ್ದ ನನಗೂ ಬೆಂಕಿ ಆರಿದ್ದು ಗೊತ್ತಾಗುತ್ತಿರಲಿಲ್ಲ. ಎದುರುಮನೆಯ ದರ್ಜಿ ರಹಮತ್ ಸಾಹೇಬರು ನಮಾಜು ಮುಗಿಸಿ ಬಂದು ಮಾತಿಲ್ಲದೆ ತಮ್ಮ ಜಗಲಿಯಲ್ಲಿ ಕೂರುತ್ತಿದ್ದರು. ನನ್ನ ಅತ್ತೆ ಬಾಗಿಲಿಗೆ ಒರಗಿ ಕಣ್ಣು ಮುಚ್ಚುತ್ತಿದ್ದರು. ಕತ್ತಲಾದದ್ದು ಯಾರಿಗೂ ತಿಳಿಯುತ್ತಿರಲಿಲ್ಲ.

ಈಗ ಆ ಅತ್ತೆಯೇ ಎದೆ ಬಡಿದುಕೊಂಡರು. "ಕೆರೆ ಗಾಳಿಗೆ ಜಗಲಿ ಮೇಲೆ ಕೂರ್ಬೇಡ ಅಂದ್ರೆ ಕೇಳ್ದೇನೋ ಮಗಾ? ಗಾಳಿ ಹೊಡ್ದದೆ!" ಕಿವಿಯ ಹಿಂದೆ ಬರೆ ಹಾಕಿಸಿದರೆ ಸರಿಹೋಗುತ್ತದೆ ಎಂದರು. "ಮೊದ್ಲು ನನ್ಗೆ ಹಾಕ್ಸಿ, ಆಮೇಲೆ ಅವರಿಗೆ" ಎಂದು ನಾನು ಅಡ್ಡ ನಿಂತೆ. ಮಾರನೆಯ ದಿನ ಪೆಟ್ರೋಲಿನ ಬದಲು ಇದ್ದಿಲು ಗ್ಯಾಸಿನಲ್ಲಿ ಓಡುತ್ತಿದ್ದ ಬಸ್ಸು ಹತ್ತಿ, ಏರು ಬಂದಲ್ಲೆಲ್ಲ ಇಳಿದು ನಡೆದು, ಇವರನ್ನು ಬೆಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಡಾಕ್ಟರು ಕಣ್ಣು ಮುಚ್ಚಲು ಹೇಳಿದರು. ಬಲಗಣ್ಣು ಮುಚ್ಚಲಿಲ್ಲ. ಸಿಳ್ಳೆ ಹಾಕಲು ಹೇಳಿದರು. ಪುಸ್ಸೆಂದು ಗಾಳಿ ಹೋಯಿತು.

"ಫೇಶಿಯಲ್ ಪೆರಾಲಿಸಿಸ್. ಮುಖದ ನರ್ವ್ ಕೆಲಸ ನಿಲ್ಲಿಸಿದೆಯಮ್ಮ. ಪ್ರಾಣಕ್ಕೇನೂ ಭಯವಿಲ್ಲ."

"ಕೊಳಲು, ಸಾರ್?" ಎಂದರು ಇವರು.

"ಮೊದಲು ಕಣ್ಣು ಉಳಿಸಿಕೊಳ್ಳಿ."

ಅಲ್ಲಿಂದ ನಮ್ಮ ಮನೆಯ ದಿನಚರಿಯೇ ಬೇರೆಯಾಯಿತು. ಮಲಗುವಾಗ ಅವರ ಕಣ್ಣಿಗೆ ಮುಲಾಮು ಹಾಕಿ ಬಟ್ಟೆ ಕಟ್ಟುತ್ತಿದ್ದೆ. ಉಂಡದ್ದು ಕೆನ್ನೆಯೊಳಗೆ ಸಿಕ್ಕಿಕೊಳ್ಳುತ್ತಿತ್ತು, ಸಾರು ಸೋರುತ್ತಿತ್ತು. ಗೋಡೆಗೆ ಮುಖ ಮಾಡಿಕೊಂಡು ಉಣ್ಣತೊಡಗಿದರು. ಬಲಗಿವಿಗೆ ಮಗ್ಗದ ಸದ್ದು ಏಟು ಬಿದ್ದಂತೆ ಕೇಳಿಸುತ್ತದೆ ಎಂದು ಹತ್ತಿ ತುರುಕಿಕೊಂಡು ನೇಯುತ್ತಿದ್ದರು. ನಾನು ವಾರಕ್ಕೊಮ್ಮೆ ಮುಖಕ್ಕೆ ಬ್ಯಾಟರಿ ಕರೆಂಟು ಕೊಡಿಸಲು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದೆ. ಒದ್ದೆ ಬಟ್ಟೆ ಸುತ್ತಿದ ಕಡ್ಡಿಯನ್ನು ಕೆನ್ನೆಗೆ ಒತ್ತಿದರೆ ಕೆನ್ನೆ ಅದುರುತ್ತಿತ್ತು. ಕಡ್ಡಿ ತೆಗೆದರೆ ಮತ್ತೆ ಹೆಣ.

ಕೊಳಲನ್ನು ಬಲಕ್ಕೆ ಹಿಡಿಯುವುದರಿಂದಲೇ ಬರುತ್ತಿಲ್ಲ ಎಂಬ ಹುಚ್ಚು ಆಸೆ ಅವರಿಗೆ ಒಮ್ಮೆ ಹುಟ್ಟಿತು. ಎಡಕ್ಕೆ ತಿರುಗಿಸಿ, ಎರಡೂ ಕೈಗಳ ಕೆಲಸ ಅದಲುಬದಲು ಮಾಡಿ, ಮಗುವಿನಂತೆ ಸರಳೆವರಸೆಯಿಂದ ಬೆರಳು ಪಳಗಿಸಿದರು. ಬೆರಳುಗಳು ಮಾತು ಕೇಳಿದವು. ತುಟಿ ಕೇಳಲಿಲ್ಲ. ಎತ್ತ ತಿರುಗಿಸಿದರೂ ಅದೇ ಸತ್ತ ಮೂಲೆಯಿಂದ ಉಸಿರು ಸೋರಿಹೋಗುತ್ತಿತ್ತು.

ತಿಂಗಳುಗಳ ಮೇಲೆ ಒಂದು ದಿನ ಬಲತುಟಿಯ ತುದಿ ಅಲುಗಿತು. ಅತ್ತೆ ದೇವರ ಮುಂದೆ ತುಪ್ಪದ ದೀಪ ಹಚ್ಚಿದರು. ನಾನು ಅಡುಗೆಮನೆಯಲ್ಲಿ ಯಾರಿಗೂ ಕಾಣದಂತೆ ಕಣ್ಣೀರು ಹಾಕಿದೆ. ಇವರು ಓಡಿಹೋಗಿ ಕೊಳಲು ತಂದು ತುಟಿ ಕೂಡಿಸಿದರು. ಕೂಡಿಸುತ್ತಲೇ ಬಲಗಣ್ಣು ತಾನಾಗಿ ಮುಚ್ಚಿಕೊಂಡಿತು. ತುಟಿ ಸಡಿಲಿಸಿದರೆ ಕಣ್ಣು ತೆರೆಯಿತು. ಮತ್ತೆ ಮಾಡಿದರು. ಮತ್ತೆ ಹಾಗೇ. ಉಸಿರು ಅಷ್ಟೇ ಸೋರುತ್ತಿತ್ತು.

ಹಾಗೆ ಕಣ್ಣು ಮುಚ್ಚುವುದನ್ನು ಕಂಡ ನಮ್ಮ ನೆಂಟರೊಬ್ಬರು "ಏನು ತನ್ಮಯತೆ ಇವರದು!" ಎಂದರು. ನನಗೆ ಮೈಯೆಲ್ಲ ಉರಿಯಿತು. ಅರ್ಧ ಮುಖದ ಧ್ಯಾನ ಯಾವ ಊರಲ್ಲಿದೆ?

ಡಾಕ್ಟರು ಈ ಸಲ ಬಹಳ ಹೊತ್ತು ನೋಡಿದರು.

"ನರ್ವ್ ಬೆಳೆದಿದೆ. ಆದರೆ ದಾರಿ ತಪ್ಪಿ ಬೆಳೆದಿದೆಯಮ್ಮ. ಬಾಯಿಗೆ ಹೋಗಬೇಕಾದ್ದು ಕಣ್ಣಿಗೂ ಹೋಗಿದೆ. ರಿಕವರಿ ಇಷ್ಟೇ. ಇನ್ನು ಬ್ಯಾಟರಿ ಬೇಡ."

ವಾಪಸು ಬರುವಾಗ ಏರು ಬಂದಲ್ಲೆಲ್ಲ ಇಬ್ಬರೂ ಬಸ್ಸಿನಿಂದ ಇಳಿದು ನಡೆದೆವು.

ಆಮೇಲಿನ ಸಂಜೆಗಳನ್ನು ಹೇಗೆ ಹೇಳಲಿ? ಮಗ್ಗಗಳು ನಿಲ್ಲುತ್ತಿದ್ದವು. ಬೀದಿ ಸುಮ್ಮನಾಗುತ್ತಿತ್ತು. ಇವರು ಕಾಲು ತೊಳೆದು ಜಗಲಿಗೆ ಬಂದು ಖಾಲಿ ಕೈಯಲ್ಲಿ ಕೂರುತ್ತಿದ್ದರು. ರಹಮತ್ ಸಾಹೇಬರು ಸ್ವಲ್ಪ ಹೊತ್ತು ಕಾದು ಒಳಗೆ ಹೋಗುತ್ತಿದ್ದರು. ಸತ್ತವರಿಗಾದರೆ ತಿಥಿಯಿದೆ, ಅಳಲು ಜನ ಬರುತ್ತಾರೆ. ಬದುಕಿರುವವರ ಬಾಯಿಂದ ಸಂಗೀತ ಹೋದರೆ ಯಾರು ಬರುತ್ತಾರೆ? "ಕೈಕಾಲು ಗಟ್ಟಿಯಾಗವೆ, ಮಗ್ಗ ನಡೀತದೆ, ಅಷ್ಟು ಸಾಕಲ್ವಾ" ಎಂದು ಎಲ್ಲರೂ ನನಗೇ ಬುದ್ಧಿ ಹೇಳಿದರು. ಸಾಕಾಗಿರಲಿಲ್ಲ. ಅವರು ಬದುಕುತ್ತಿದ್ದದ್ದೇ ಆ ಹೊತ್ತಿಗಾಗಿ.

ಒಂದು ಸಂಜೆ ನಾನು ರಾಗಿಮುದ್ದೆ ತೊಳಸುತ್ತಿದ್ದಾಗ ಜಗಲಿಯಿಂದ ಆ ಪುಸ್ ಎನ್ನುವ ಸದ್ದು ಮತ್ತೆ ಕೇಳಿಸಿತು. ಒಮ್ಮೆ, ಇನ್ನೊಮ್ಮೆ. ನನಗೆ ಯಾರ ಮೇಲೆ ಸಿಟ್ಟು ಬಂತೋ ಕಾಣೆ. ಕೈ ತೊಳೆದುಕೊಂಡು ಹೊರಗೆ ಹೋದವಳೇ, ಅವರ ಪಕ್ಕ ಕೂತು, ಬಲತುಟಿಯ ಮೂಲೆಯನ್ನು ಹೆಬ್ಬೆರಳಿಂದ ಒತ್ತಿ ಹಿಡಿದೆ.

"ಈಗ ಊದಿ" ಅಂದೆ.

ಷಡ್ಜ ಬಂತು.

ನಮ್ಮಲ್ಲಿ ಗಂಡ ಹೆಂಡತಿ ಜಗಲಿಯ ಮೇಲೆ ಪಕ್ಕದಲ್ಲಿ ಕೂರುವುದೇ ಇಲ್ಲ, ಮುಟ್ಟುವುದು ದೂರದ ಮಾತು. ಎದುರಿನ ಜಗಲಿಯಲ್ಲಿ ರಹಮತ್ ಸಾಹೇಬರು ತಲೆ ತಗ್ಗಿಸಿದರು, ಎದ್ದು ಹೋಗಲಿಲ್ಲ. ನನ್ನ ಬೆನ್ನ ಹಿಂದೆ ಅತ್ತೆ ಬಂದು ನಿಂತದ್ದು ಗೊತ್ತಾಯಿತು. ಬೈಗುಳಕ್ಕೆ ಕಾದೆ.

"ಬಿಗಿಯಾಗಿ ಹಿಡ್ಕೊಳೇ" ಎಂದರು. "ಜಾರ್ತದೆ."

ಅಂದಿನಿಂದ ಸಂಜೆ ಹೀಗೇ. ಮೇಲಿನ ಸ್ಥಾಯಿ ಬರುವುದಿಲ್ಲ. ನನ್ನ ಕೈ ನಡುಗಿದರೆ ಸ್ವರವೂ ನಡುಗುತ್ತದೆ. ಅವರು ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವಾಗ ಎಷ್ಟು ಒತ್ತಬೇಕು, ಎಷ್ಟು ಬಿಡಬೇಕು, ನನ್ನ ಬೆರಳಿಗೆ ತಿಳಿಯದು. ಇದು ಆ ಸಂಗೀತವಲ್ಲ. ಅದು ಇನ್ನು ಬರುವುದಿಲ್ಲ, ನಮ್ಮಿಬ್ಬರಿಗೂ ಗೊತ್ತು. ಆದರೂ ಆ ಒಂದು ಸ್ವರ ನಿಂತಿರುವಷ್ಟು ಹೊತ್ತು ಬೀದಿಯಲ್ಲಿ ಯಾರೂ ಮಾತಾಡುವುದಿಲ್ಲ. ಅಷ್ಟು ಉಳಿಸಿದ ದೇವರಿಗೆ ನಾನು ಕೈಮುಗಿಯುತ್ತೇನೆ, ಪೂರ್ತಿ ಮನಸ್ಸಿನಿಂದಲ್ಲ.

ಅವರಾಗಿ ಕೊಳಲು ಇಳಿಸುವವರೆಗೆ ನಾನು ಬೆರಳು ತೆಗೆಯುವುದಿಲ್ಲ. ಈಚೆಗೆ ಬೇಗ ಇಳಿಸುತ್ತಾರೆ. ನನ್ನ ಕೈ ನೋಯುತ್ತದೆಂದೋ, ಸಾಕೆನಿಸಿತೆಂದೋ, ನಾನು ಕೇಳಿಲ್ಲ.