ಗಬ್ಬದ ಹಸು ಮತ್ತು ನನ್ನ ಲಾಗ್‌ಬುಕ್ಕು

ಕಿರ್ರ್ ಅಂತ ಉಕ್ಕಿನ ಹಗ್ಗ ಎಳೆಯುವ ಸದ್ದು. ಬ್ಲಫ್ ಅನ್ನುವ ಗುಡ್ಡದ ಮೇಲಿನ ಕಾಲೊನಿಯಲ್ಲಿ ನಮ್ಮ ಗಡಿಯಾರವೇ ಅದು. ಕೆಳಗಿನ ಪವರ್ ಹೌಸಿನಲ್ಲಿ ಶಿಫ್ಟ್ ಮುಗಿಸಿದವರನ್ನು ಹೊತ್ತು ಟ್ರಾಲಿ ಮೇಲೇರುವಾಗ ಕ್ವಾರ್ಟರ್ಸಿನ ಅಡುಗೆಮನೆಗಳಿಗೆಲ್ಲ ಕೇಳುತ್ತಿತ್ತು. ನಾನು ಪುಸ್ತಕದಲ್ಲಿ ಬೆರಳಿಟ್ಟುಕೊಂಡೇ ಎದ್ದು, ಅಪ್ಪನ ಕಾಫಿಗೆ ನೀರಿಡುತ್ತಿದ್ದೆ.

ಯುದ್ಧದ ಕಾಲ, ನೋಟ್‌ಬುಕ್ಕಿಗೂ ಬರ. ಮೈಸೂರಿನ ಕಾನ್ವೆಂಟಿನ ಸಿಸ್ಟರ್ ಬೇಸಿಗೆ ರಜಕ್ಕೆ ಹನ್ನೆರಡು ಪುಸ್ತಕ ಕಟ್ಟಿಕೊಟ್ಟು, ಓದಿದ್ದಕ್ಕೆಲ್ಲ ರೆಕಾರ್ಡ್ ಇಡು ಅಂದಿದ್ದರು. ಅಪ್ಪ ಮೇಲಿನವರನ್ನು ಕೇಳಿ, ಅರ್ಧ ಖಾಲಿ ಉಳಿದಿದ್ದ ಹಳೇ ಲಾಗ್‌ಬುಕ್ ಒಂದನ್ನು ತಂದುಕೊಟ್ಟರು. ಪವರ್ ಹೌಸಿನಲ್ಲಿ ಅದಕ್ಕೊಂದು ಕಟ್ಟಳೆ: ರಬ್ಬರ್ ಮುಟ್ಟಿಸಬಾರದು, ಹಾಳೆ ಹರಿಯಬಾರದು. ತಪ್ಪು ಬರೆದರೆ ಅಕ್ಷರ ಕಾಣುವ ಹಾಗೆ ಒಂದೇ ಗೆರೆ, ಪಕ್ಕದಲ್ಲಿ ಸರಿಯಾದದ್ದು, ಸಹಿ. ನಿನಗೂ ಇದೇ ರೂಲ್ ಅಂದರು.

ಆ ವರ್ಷ ಮನೆಯಲ್ಲಿ ಇನ್ನೊಂದು ಮಾತೂ ನಡೆದಿತ್ತು. ಮಳವಳ್ಳಿ ಹತ್ತಿರದ ಹಳ್ಳಿಯಿಂದ ಬಂದಿದ್ದ ಅಜ್ಜಿ, ಅಪ್ಪನ ತಾಯಿ, ನನಗೊಂದು ಗಂಡು ನೋಡಿಕೊಂಡೇ ಬಂದಿದ್ದರು. ಕಾನ್ವೆಂಟು ಸಾಕು ಅನ್ನುವುದು ಅವರ ಹಟ. ತಾಯಿಗೆ ಎದುರಾಡದ ಅಪ್ಪ ಒಂದು ಉಪಾಯ ಹೂಡಿದರು: ಇವಳು ಓದಿದ್ದನ್ನು ದಿನಾ ನಿನಗೆ ಹೇಳಲಿ, ವಾಪಸ್ ಕಳಿಸಬೇಕೋ ಬೇಡವೋ ರಜದ ಕೊನೆಗೆ ನೀನೇ ಹೇಳವ್ವ.

ನನಗೇನೂ ಅಳುಕಿರಲಿಲ್ಲ. ಐ ವಾಸ್ ಎ ಗುಡ್ ರೀಡರ್, ಅದು ನನಗೂ ಗೊತ್ತಿತ್ತು. ಅಜ್ಜಿ ಮೊರದಲ್ಲಿ ರಾಗಿ ಕೇರುತ್ತಿದ್ದರೆ, ಎದುರಿಗೆ ಕೂತು ಇಂಗ್ಲಿಷ್ ಕಥೆಗಳನ್ನು ಕನ್ನಡಕ್ಕೆ ಇಳಿಸುತ್ತಿದ್ದೆ. ಹನ್ನೊಂದು ಪುಸ್ತಕ ಹಾಗೇ ದಾಟಿದವು. ಹನ್ನೆರಡನೆಯದು ದಪ್ಪ ಕಾದಂಬರಿ. ಸಮುದ್ರದ ದಂಡೆಯಲ್ಲಿ ದೀಪದ ಗೋಪುರ ಕಾಯುವ ಮುದುಕ, ಅವನ ಮಗಳು. ಅರ್ಧಕ್ಕೇ ಬೇಜಾರು ಬಂತು. ಕೊನೆಯ ಎರಡು ಹಾಳೆ ನೋಡಿ, ರಿಮಾರ್ಕ್ಸ್ ಕಾಲಮ್ಮಿನಲ್ಲಿ 'ಕಂಪ್ಲೀಟೆಡ್' ಅಂತ ಬರೆದುಬಿಟ್ಟೆ. ಅಜ್ಜಿಗೆ ಮಗಳ ಮದುವೆ ಮಾಡಿಸಿ ಕಥೆ ಮುಗಿಸಿದೆ.

ಅಜ್ಜಿ ಮೊರ ಕೆಳಗಿಟ್ಟರು. "ಆ ಮುದ್ಕಂದು ಗಬ್ಬದ ಅಸ ಒಂದಿತ್ತಲ್ಲ, ಅದೇನಾಯ್ತು?"

ಈ ಕಥೆ ಶುರುಮಾಡಿದ ದಿನ ನಾನೇ ಹೇಳಿದ್ದ ಹಸು. ನನಗೇ ಮರೆತುಹೋಗಿತ್ತು. ಕರು ಹಾಕಿತು ಅಂದೆ.

"ಎಣ್ಗರವೋ, ಗಂಡ್ಗರವೋ?"

ನಾನು ಪುಸ್ತಕದ ಹಾಳೆ ಮಗುಚತೊಡಗಿದೆ.

"ನೀನ್ ಓದಿಲ್ಲ ಕಣವ್ವ," ಅಂದು ಮತ್ತೆ ಮೊರ ಎತ್ತಿಕೊಂಡರು.

ಅವರಿಗೆ ಅಕ್ಷರ ಬಾರದು; ಅಪ್ಪ ಆ ಕಾದಂಬರಿ ಕಂಡವರಲ್ಲ. ಲಾಗ್ ಹಾಗೇ ಬಿಟ್ಟಿದ್ದರೂ ನಡೆಯುತ್ತಿತ್ತೇನೋ. ಆದರೆ ಮೇಲಿನ ಹನ್ನೊಂದು ಸಾಲೂ ನಿಜ. ಅವುಗಳ ಕೆಳಗೆ ಇದೊಂದನ್ನು ನೋಡಲಾಗಲಿಲ್ಲ. ಕೆಂಪು ಶಾಯಿಯಲ್ಲಿ ಗೆರೆ ಎಳೆದು, 'ಹಾಫ್ ರೆಡ್', ಅರ್ಧವಷ್ಟೇ ಓದಿದ್ದು, ಅಂತ ಬರೆದು ಸಹಿ ಹಾಕಿದೆ. ಸಂಜೆ ಟ್ರಾಲಿ ಏರಿ ಬಂದ ಅಪ್ಪನ ಮುಂದಿಟ್ಟೆ. ಏನು ಬರೆದೆನೆಂದು ಅಜ್ಜಿಗೂ ಹೇಳಿದೆ. ಅಪ್ಪ ಗೆರೆಯ ಪಕ್ಕ ತಾವೂ ಸಹಿ ಹಾಕಿ, ತಾಯಿಯ ಮುಖ ನೋಡಿದರು.

"ಕಳ್ಸು ಕಣ್ಲಾ," ಅಂದರು ಅಜ್ಜಿ. "ಆ ಅಸ ಏನಾಯ್ತು ಅಂತ ಓದ್ಕಂಡ್ ಬರ್ಲಿ. ಗಂಡೇನ್ ಎಲ್ಲೂ ಓಗಾಕಿಲ್ಲ."

ಹಾಸ್ಟೆಲಿನಲ್ಲಿ ಮೊದಲ ವಾರವೇ ಪೂರ್ತಿ ಓದಿದೆ, ಆನೆಸ್ಟ್ಲಿ. ಹಸುವಿನ ಸುದ್ದಿ ಆಮೇಲೆ ಎಲ್ಲೂ ಇಲ್ಲ, ಬರೆದವನೂ ಮರೆತಿದ್ದ. ದಸರಾ ರಜದಲ್ಲಿ ಹೇಳಿದರೆ ಅಜ್ಜಿ ನಗಲಿಲ್ಲ. ಬರೆದವ ಹಸು ಸಾಕಿದವನಲ್ಲ ಬುಡು ಅಂದರು.

ರಜ ಮುಗಿದಾಗ ರೈಲು ಹತ್ತಿಸಲು ಬಸ್ಸಿನಲ್ಲಿ ಮದ್ದೂರಿನವರೆಗೂ ಬಂದರು. ಕಿಟಕಿಯಲ್ಲಿ ಹುರಿಗಾಳಿನ ಗಂಟು ತೂರಿಸಿ, ಮುಂದಿನ ಸಲ ನೆಟ್ಟಗೆ ಮುಗಿಯುವ ಕಥೆ ತಾ ಅಂದರು. ಅವರನ್ನು ನಾನು ನೋಡಿದ್ದು ಅದೇ ಕೊನೆ. ರೈಲು ಕದಲಿದಾಗ ತಿರುಗಿ ನೋಡಿದೆ. ಅಜ್ಜಿ ನನ್ನ ಕಡೆ ನೋಡುತ್ತಿರಲಿಲ್ಲ. ಪ್ಲಾಟ್‌ಫಾರಮ್ಮಿನಲ್ಲಿ ಬುಟ್ಟಿ ಇಟ್ಟುಕೊಂಡು ಕೂತಿದ್ದ ಹೆಂಗಸೊಬ್ಬಳಿಗೆ, ಆ ಹಸುವಿನ ಹೊಟ್ಟೆ ಎಷ್ಟಿತ್ತೆಂದು ಎರಡೂ ಕೈ ಅಗಲಿಸಿ ತೋರಿಸುತ್ತಿದ್ದರು.