ಸೀಟಿಗೆ ಕಟ್ಟಿದ ಬೆಲ್ಟು

ಅಪ್ಪ ಬಿಟ್ಟುಹೋದ ಹಳೆಯ ಅಂಬಾಸಿಡರ್ ಕಾರಿನ ಮೇಲೆ ನನಗೆ ಎಂಥ ಹುಚ್ಚಿತ್ತೆಂದರೆ, ನಾಲ್ಕು ವರ್ಷದ ಮಗಳು ಅದರ ಬಾಗಿಲ ಮೇಲೆ ಕಲ್ಲಿನಿಂದ ಹೂವು ಗೀಚಿದಾಗ ಅವಳ ಕೈಗೆ ಬೆತ್ತದಿಂದ ಹೊಡೆದೆ. ಒಂದಲ್ಲ, ಮೂರು ಏಟು. ಬಾಸುಂಡೆ ಎದ್ದ ಕೈಗೆ ಹೆಂಡತಿ ಕೊಬ್ಬರಿ ಎಣ್ಣೆ ಸವರುತ್ತಿದ್ದರೆ ನಾನು ಅಂಗಳದಲ್ಲಿ ಬಾಗಿಲಿಗೆ ಪಾಲಿಶ್ ಹಚ್ಚುತ್ತಿದ್ದೆ.

ಆ ಕಾರಿನ ಹಿಂದಿನ ಸೀಟಿಗೆ ಬೆಲ್ಟೇ ಇರಲಿಲ್ಲ. ಹಾನಗಲ್ಲಿನಿಂದ ಹೆಂಡತಿಯ ತವರು ಶಿಗ್ಗಾವಿಗೆ ಹೋಗುವಾಗಲೆಲ್ಲ ಮಗಳು ಅಲ್ಲಿ ನಿಂತು ಕುಣಿಯುತ್ತಿದ್ದಳು. ಬೆಲ್ಟು ಹಾಕಿಸಿ ಮಕ್ಕಳ ಸೀಟು ಕೂಡಿಸದಿದ್ದರೆ ತಾವಿಬ್ಬರೂ ಬಸ್ಸಿಗೇ ಹೋಗುತ್ತೇವೆ ಎಂದು ಹೆಂಡತಿ ಪಟ್ಟು ಹಿಡಿದಳು. ನಿಮ್ಮಪ್ಪನ ಮನೆಯ ಎತ್ತಿನ ಚಕ್ಕಡಿಗೆ ಯಾವ ಬೆಲ್ಟು ಕಟ್ಟಿದ್ದರು ಎಂದು ಹಂಗಿಸಿದೆ. ಅವಳು ಜಗ್ಗಲಿಲ್ಲ. ಹುಬ್ಬಳ್ಳಿಯಿಂದ ಮಕ್ಕಳ ಸೀಟನ್ನು ತಾನೇ ತರಿಸಿದಳು.

ಹಿರೇಕೆರೂರಿನಲ್ಲಿ ಹಳೆಯ ಕಾರುಗಳ ಸೀಟು ಹೊಲಿಯುವ ಒಬ್ಬ ಮುದುಕರಿದ್ದರು. ಒಬ್ಬನೇ ಅವರಲ್ಲಿಗೆ ಕಾರು ಒಯ್ದೆ. ಅವರು ಹಿಂದಿನ ಸೀಟಿಗೆ ಕೈ ಹಾಕಿದ್ದೇ ತಡ, ಸೀಟೇ ಎದ್ದು ಬಂತು. ನಮ್ಮ ಮನೆಗೆ ಬೀಗರು ಬಂದರೆ ಕಾರಿನ ಹಿಂದಿನ ಸೀಟನ್ನು ಎತ್ತಿ ತಂದು ಕಟ್ಟೆಯ ಮೇಲೆ ಹಾಕಿ ಅವರನ್ನು ಕೂಡಿಸುವುದು ಅಪ್ಪನ ಕಾಲದ ರೂಢಿ. ಸೋಫಾ ಬಂದ ಮೇಲೂ ನಾವದನ್ನು ಬಿಟ್ಟಿರಲಿಲ್ಲ. ಪ್ರತಿ ಸಲ ಬಿಚ್ಚುವ ರಗಳೆ ಬೇಡವೆಂದು ಅಪ್ಪ ಅದರ ಕೊಂಡಿಗಳನ್ನೇ ತೆಗೆಸಿಬಿಟ್ಟಿದ್ದರು.

"ನೆಲದ ತಗಡಿಗೆ ತೂತು ಹಾಕಿ ಬೋಲ್ಟ್ ಬಿಗೀಬೇಕ್ರಿ ಸಾಹೇಬ್ರ," ಎಂದರು ಮುದುಕರು. "ಸೀಟಿಗೆ ಕಟ್ಟಿದ್ರ, ಬ್ರೇಕ್ ಹಾಕಿದ ಕೂಡ್ಲೆ ಸೀಟೂ ಬರ್ತೈತಿ, ಕೂಸೂ ಬರ್ತೈತಿ."

ಅಪ್ಪನ ಕಾರಿಗೆ ತೂತು ಅಂದದ್ದೇ ನನಗೆ ಪಿತ್ತ ನೆತ್ತಿಗೇರಿತು.

"ಸೀಟಿಗೇ ಕಟ್ರಿ. ಮನ್ಯಾಗಿನಾಕಿ ಕಣ್ಣಿಗೆ ಕಂಡ್ರ ಸಾಕು."

ಅವರು ಬೆಲ್ಟಿನ ಎರಡೂ ತುದಿಗಳನ್ನು ಸೀಟಿನ ಚೌಕಟ್ಟಿಗೇ ಬಿಗಿದುಕೊಟ್ಟರು.

ಮನೆಯಲ್ಲಿ ಹೆಂಡತಿ ಹೊಸ ಬೆಲ್ಟನ್ನು ಮುಟ್ಟಿ ಮುಟ್ಟಿ ನೋಡಿದಳು. ನೆಲಕ್ಕೆ ಬೋಲ್ಟ್ ಹಾಕಿದ್ದಾರೇನು ಎಂದು ಕೇಳಿದಳು. ಹಾಕಿದ್ದಾರೆ ಎಂದೆ, ಅವಳ ಕಣ್ಣಲ್ಲಿ ಕಣ್ಣಿಟ್ಟು. ಎಷ್ಟೋ ದಿನಗಳ ಮೇಲೆ ಅವಳು ನನ್ನ ಜೊತೆ ನಗುತ್ತ ಮಾತಾಡಿದಳು. ಅವತ್ತು ಹೋಳಿಗೆ ಮಾಡಿ, ಬೇಡವೆಂದರೂ ಎರಡು ಹೆಚ್ಚು ಬಡಿಸಿದಳು. ನಾಚಿಕೆಗೆಟ್ಟವನು, ನಾನು ತಿಂದೆ. ಮಗಳನ್ನು ಹತ್ತಿರ ಕರೆದು, ಬೆಲ್ಟು ಮುರಿದರೆ ಬೆತ್ತ ಎಲ್ಲಿದೆ ಗೊತ್ತಲ್ಲ ಎಂದೆ. ಅವಳು ಗೋಣು ಹಾಕಿದಳು.

ಮುಂದಿನ ಭಾನುವಾರ ಶಿಗ್ಗಾವಿಗೆ ಹೊರಟೆವು. ಹೆಂಡತಿ ನನ್ನ ಪಕ್ಕದಲ್ಲಿ, ಮಗಳು ಹಿಂದೆ ತನ್ನ ಹೊಸ ಸೀಟಿನಲ್ಲಿ. ಕೈಗಳನ್ನು ಮಡಿಲಲ್ಲಿಟ್ಟುಕೊಂಡು ದಾರಿಯುದ್ದಕ್ಕೂ ಅಲುಗಾಡದೆ ಕೂತಿದ್ದಳು. ಎಷ್ಟು ಶಾಣ್ಯಾ ಆಗಿದ್ದಾಳೆ ನೋಡು ಎಂದು ಹೆಂಡತಿಗೆ ಬೀಗಿ ಹೇಳಿದೆ. ಶಿಗ್ಗಾವಿ ಇನ್ನೇನು ಬಂತು ಎನ್ನುವಾಗ ಗೋವಿನಜೋಳದ ಹೊಲದಿಂದ ಎಮ್ಮೆಯೊಂದು ರಸ್ತೆಗೆ ನುಗ್ಗಿತು. ಬ್ರೇಕ್ ತುಳಿದೆ. ಎಮ್ಮೆ ಉಳಿಯಿತು. ಹಿಂದಿನ ಸೀಟು ಮಗಳ ಸಮೇತ ಎದ್ದು ಬಂದು ನಮ್ಮ ಬೆನ್ನಿಗೆ ಬಡಿಯಿತು.

ಬೆಲ್ಟು ಕಳಚಿರಲಿಲ್ಲ. ಮಗಳ ಬಾಯಿತುಂಬ ರಕ್ತ. ಎಡಗೈ ಎರಡು ಸೀಟುಗಳ ನಡುವೆ ಸಿಕ್ಕು, ಮೊಣಕೈ ಕೆಳಗೆ ಮುರಿದಿತ್ತು. ಹೆಂಡತಿ ಅವಳನ್ನು ಬಿಡಿಸಿ ತೊಡೆಯ ಮೇಲೆ ಹಾಕಿಕೊಂಡು, ಸೀಟು ಎದ್ದ ಜಾಗವನ್ನು ನೋಡಿದಳು. ಬರೀ ತಗಡು. ಒಂದು ತೂತೂ ಇರಲಿಲ್ಲ. ಆಮೇಲೆ ನನ್ನನ್ನು ನೋಡಿದಳು.

ಮಗಳನ್ನು ಎತ್ತಿಕೊಳ್ಳಲು ನಾನು ಕೈ ಚಾಚಿದೆ. ಅವಳು ಮುರಿಯದ ಕೈಯನ್ನು ಗಬಕ್ಕನೆ ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು.

"ಅಪ್ಪಾ, ಬೆಲ್ಟ್ ನಾ ಮುರದಿಲ್ಲ," ಎಂದಳು.